ತೂಕ ಏರಿಸಿಕೊಳ್ಳಲು ಊರಿಗೆ ಬಂದವರು

ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಇಂಗ್ಲೆಂಡಿನಲ್ಲಿ ಲೆಕ್ಕಪತ್ರದ ಕೆಲಸದಲ್ಲಿರುವ ನಲವತ್ತೆರಡರ ಮಹಿಳೆಯೊಬ್ಬರು ರಜೆಯಲ್ಲಿ ಮಂಗಳೂರಿಗೆ ಬಂದಾಗ ತಾಯಿಯೊಡನೆ ಕದ್ರಿಯ ನನ್ನ ಸಲಹಾ ಕೊಠಡಿಗೆ ಬಂದಿದ್ದರು. ಎತ್ತರ 160 ಸೆಂಟಿಮೀಟರ್, ತೂಕ 87 ಕಿಲೊ. ಅಂದರೆ ಬಿಎಂಐ, ಎತ್ತರಕ್ಕೆ ಹೋಲಿಸಿದ ತೂಕದ ಸೂಚ್ಯಂಕ, ಸುಮಾರು 34. ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ ಖರ್ಚಿನಲ್ಲಿ ತೂಕ ಇಳಿಸುವ ಶಸ್ತ್ರಚಿಕಿತ್ಸೆ ಆಗಬೇಕಾದರೆ ಬಿಎಂಐ 40 ಇರಬೇಕು, ಇಲ್ಲವೇ 35 ಮುಟ್ಟಿ ಜೊತೆಗೊಂದು ಕಾಯಿಲೆ ಇರಬೇಕು ಎಂದು ಕೇಳಿದ್ದ ಅವರು, ಊರಿನಲ್ಲಿರುವ ಆರು ವಾರಗಳಲ್ಲಿ ಮೂರು ಕಿಲೊ ಏರಿಸಿಕೊಂಡು ಹೋಗುವ ಲೆಕ್ಕ ಹಾಕಿದ್ದರು. "ಬಾಯಿ ಕಟ್ಟಿದರೆ ಸಾಕಲ್ಲ ಮೇಡಂ, ಹೊಟ್ಟೆ ಕೊಯ್ಸುವುದು ಯಾಕೆ?" ಎಂದು ಕೇಳಿದ ತಾಯಿಯೇ ಮನೆಯಲ್ಲಿ ಮಗಳಿಗೆ ಒತ್ತಾಯ ಮಾಡಿ ನೀರುದೋಸೆ ಬಡಿಸುತ್ತಿದ್ದರು.

ಬೇರೆ ಕಾಯಿಲೆಗಳೇನಾದರೂ ಇವೆಯೇ ಎಂದು ಕೇಳಿದೆ. ಇಲ್ಲ ಎಂದರು. ಯಾವುದಾದರೂ ಮಾತ್ರೆ ತೆಗೆದುಕೊಳ್ಳುತ್ತೀರಾ ಎಂದು ಕೇಳಿದಾಗ, ತುಸು ತಡೆದು, ರಬ್ಬರ್ ಬ್ಯಾಂಡ್ ಸುತ್ತಿದ ಬಿಪಿ ಮಾತ್ರೆಗಳ ಪಟ್ಟಿಗಳನ್ನು ಚೀಲದಿಂದ ಹೊರತೆಗೆದರು. ಮೂರು ವರ್ಷಗಳಿಂದ ಊರಿಗೆ ಬಂದಾಗಲೆಲ್ಲ ಇಲ್ಲಿನ ಡಾಕ್ಟರಿಂದ ಚೀಟಿ ಬರೆಸಿಕೊಂಡು ಒಯ್ಯುತ್ತಿದ್ದರಂತೆ; ಅಲ್ಲಿನ ಜಿಪಿಗೆ, ಎಂದರೆ ಕುಟುಂಬ ವೈದ್ಯರಿಗೆ, ಒಂದು ಮಾತೂ ಹೇಳಿರಲಿಲ್ಲ. ಗೊರಕೆಯ ದೆಸೆಯಿಂದ ಪತಿ ಬೇರೆ ಕೋಣೆಯಲ್ಲಿ ಮಲಗುವುದನ್ನು, ಬೆಳಿಗ್ಗೆ ತಲೆನೋವಿನೊಂದಿಗೆ ಏಳುವುದನ್ನು, ಬಸ್ಸಿನಲ್ಲಿ ಕುಳಿತಲ್ಲೇ ತೂಕಡಿಸುವುದನ್ನು ತಾಯಿ ಹೊರಗೆ ಹೋದ ಮೇಲಷ್ಟೇ ಹೇಳಿದರು. ನಾಚಿಕೆಯಿಂದ ಮುಚ್ಚಿಟ್ಟ ಈ ಸಂಗತಿಗಳೇ ಅವರ ಅರ್ಹತೆಯನ್ನು ನಿರ್ಧರಿಸುವಂಥವು.

ಯಾವ ಚಿಕಿತ್ಸೆ ಯಾರಿಗೆ ಎಂದು ಎನ್‌ಎಚ್‌ಎಸ್‌ಗೆ ಸಲಹೆ ನೀಡುವ ಇಂಗ್ಲೆಂಡಿನ ನೈಸ್ ಸಂಸ್ಥೆಯ ಮಾರ್ಗಸೂಚಿಯಲ್ಲಿ ಅಧಿಕ ರಕ್ತದೊತ್ತಡ, ಟೈಪ್ 2 ಮಧುಮೇಹ, ಹೃದ್ರೋಗ, ಕೊಬ್ಬಿನ ಯಕೃತ್ತು, ನಿದ್ರೆಯಲ್ಲಿ ಉಸಿರು ಕಟ್ಟುವ ಸ್ಲೀಪ್ ಆಪ್ನಿಯಾ ಮುಂತಾದವು, ತೂಕ ಇಳಿದರೆ ಸುಧಾರಿಸಬಹುದಾದ ಕಾಯಿಲೆಗಳಾಗಿ ಲೆಕ್ಕಕ್ಕೆ ಬರುತ್ತವೆ. ಅದಕ್ಕಿಂತ ಮುಖ್ಯವಾಗಿ, ದಕ್ಷಿಣ ಏಷ್ಯಾ ಮೂಲದವರಿಗೆ ಕಡಿಮೆ ತೂಕದಲ್ಲೇ ಈ ಕಾಯಿಲೆಗಳು ಅಂಟಿಕೊಳ್ಳುವುದರಿಂದ, ಮಿತಿಯನ್ನು 2.5ರಷ್ಟು ಇಳಿಸಿ ಪರಿಗಣಿಸಲು ಅಲ್ಲಿ ಅವಕಾಶವಿದೆ. ಹಾಗಾಗಿ ಇವರಿಗೆ ಅನ್ವಯಿಸುವ ಗೆರೆ 35 ಅಲ್ಲ, 32.5, ಇವರ ಎತ್ತರಕ್ಕೆ ಅದು ಸುಮಾರು 83 ಕಿಲೊ. ಅದನ್ನು ಅವರು ಆಗಲೇ ದಾಟಿದ್ದರು. (ನಮ್ಮಲ್ಲಿನ ಆರೋಗ್ಯ ವಿಮೆಯ ನಿಯಮವು ಭಾರತೀಯರಿಗೇ ಇದ್ದರೂ 40 ಮತ್ತು 35 ಎಂದೇ ಹೇಳುತ್ತದೆ ಎಂಬುದು ನನಗೆ ಇಂದಿಗೂ ವಿಚಿತ್ರವೆನಿಸುತ್ತದೆ.)

ತೂಕ ಏರಿಸುವ ಯೋಚನೆಯನ್ನು ಅಂದೇ ಕೈಬಿಡಬೇಕೆಂದೂ, ಏರಿದ ತೂಕದಿಂದ ಬಿಪಿಯೂ ಉಸಿರಾಟದ ತೊಂದರೆಯೂ ಬಿಗಡಾಯಿಸಬಹುದೆಂದೂ ಹೇಳಿದೆ. ಇಲ್ಲಿನ ಔಷಧ ಚೀಟಿಗಳನ್ನೂ ಬಿಪಿ ಬರೆದಿಟ್ಟ ಪುಸ್ತಕವನ್ನೂ ಜಿಪಿಗೆ ತೋರಿಸಿ ದಾಖಲಿಸಿಕೊಳ್ಳಬೇಕು, ನಿದ್ರೆಯ ಪರೀಕ್ಷೆಯನ್ನು ಕೇಳಬೇಕು, ತಗ್ಗಿಸಿದ ಮಿತಿಯನ್ನು ತಮಗೂ ಪರಿಗಣಿಸುವಂತೆ ಬರವಣಿಗೆಯಲ್ಲಿ ಕೋರಬೇಕು ಎಂದು ಸೂಚಿಸಿದೆ. ಅರ್ಹತೆಯಿದ್ದ ಮಾತ್ರಕ್ಕೆ ಶಸ್ತ್ರಚಿಕಿತ್ಸೆ ಖಚಿತವಲ್ಲ, ತಜ್ಞರ ತಂಡವೇ ತೀರ್ಮಾನಿಸುತ್ತದೆ, ಆನಂತರವೂ ಕನಿಷ್ಠ ಎರಡು ವರ್ಷ ಆ ತಂಡದ ನಿಗಾ ಮತ್ತು ಜೀವನಪರ್ಯಂತ ತಪಾಸಣೆ ಇರುತ್ತದೆ ಎಂಬುದನ್ನೂ ಮರೆಮಾಚಲಿಲ್ಲ. ತಾಯಿಯನ್ನು ಒಳಗೆ ಕರೆದು, ಇದು ಬಾಯಿಚಪಲದ ಮಾತಷ್ಟೇ ಅಲ್ಲವೆಂದು ಮಗಳ ಎದುರಿನಲ್ಲೇ ವಿವರಿಸಿದೆ.

ನಾಲ್ಕು ತಿಂಗಳ ನಂತರ ಅವರಿಂದ ಸಂದೇಶ ಬಂತು. ನಿದ್ರೆಯ ಪರೀಕ್ಷೆಯಲ್ಲಿ ಆಪ್ನಿಯಾ ದೃಢಪಟ್ಟಿತ್ತು; ಮಲಗುವಾಗ ಹಾಕಿಕೊಳ್ಳುವ ಉಸಿರಾಟದ ಯಂತ್ರ ಮನೆಗೆ ಬಂದಿತ್ತು; ಶಸ್ತ್ರಚಿಕಿತ್ಸಾ ತಂಡದ ಸರದಿ ಪಟ್ಟಿಯಲ್ಲಿ ಹೆಸರು ಸೇರಿತ್ತು. ಬಸ್ಸಿನಲ್ಲಿ ಈಗ ತೂಕಡಿಸುವುದಿಲ್ಲವಂತೆ.