ಯಾನ್ ಸೋಬಿಯೆಸ್ಕಿ ಯಾವ ಮನೆತನದವನು? ಯುದ್ಧ ಅವನಿಗೆ ರಕ್ತದಲ್ಲೇ ಬಂದಿತ್ತೇ?

ತಾಯಿಯ ಕಡೆಯಿಂದ ನೋಡಿದರೆ ಹೌದು. ಪೋಲೆಂಡಿನ ಈ ದಂಡನಾಯಕ ಹುಟ್ಟಿದ್ದು 1629ರಲ್ಲಿ, ಈಗ ಉಕ್ರೇನಿಗೆ ಸೇರಿದ ಓಲೆಸ್ಕೊ ಕೋಟೆಯಲ್ಲಿ. ತಂದೆ ಯಾಕುಬ್ ಹೆಚ್ಚಾಗಿ ರಾಜಕಾರಣಿ, ಒಳ್ಳೆಯ ಮಾತುಗಾರ. ತಾಯಿಯ ಅಜ್ಜ ಸ್ತಾನಿಸ್ವಾವ್ ಝೊಲ್ಕಿಯೆವ್‌ಸ್ಕಿಯಂತೂ ಹೆಸರಾಂತ ದಂಡನಾಯಕ. 1620ರಲ್ಲಿ ತುರ್ಕರೊಡನೆ ಕಾಳಗ ನಡೆದ ತ್ಸೆತ್ಸೋರಾದಿಂದ ಹಿಮ್ಮೆಟ್ಟುವಾಗ ಅವನು ಮಡಿದ. ತುರ್ಕರು ಅವನ ತಲೆ ಕಡಿದು ಸುಲ್ತಾನನಿಗೆ ಕಳಿಸಿದರು. ಇಂಥ ಕಥೆ ಕೇಳುತ್ತಾ ಬೆಳೆದ ಹುಡುಗ ಇನ್ನೇನಾಗಬೇಕು! ಅಣ್ಣ ಮಾರೆಕ್‌ನನ್ನೂ 1652ರಲ್ಲಿ ಕೊಸಾಕರ ವಿರುದ್ಧದ ಬಾತೊಹ್ ಕಾಳಗದ ನಂತರ ಸೆರೆಯಲ್ಲೇ ಕೊಂದರು.

ಯಾನ್ 1674ರಲ್ಲಿ ರಾಜನಾಗಿ ಆಯ್ಕೆಯಾದ. 1683ರಲ್ಲಿ ವಿಯೆನ್ನಾಕ್ಕೆ ಮುತ್ತಿಗೆ ಹಾಕಿದ್ದ ತುರ್ಕರನ್ನು ಸೋಲಿಸಿದ್ದು ಅವನ ನೇತೃತ್ವದ ಸೈನ್ಯವೇ. ಆದರೆ ಆಗ ಪೋಲೆಂಡಿನಲ್ಲಿ ಸಿಂಹಾಸನ ವಂಶಪಾರಂಪರ್ಯವಾಗಿರಲಿಲ್ಲ, ಚುನಾವಣೆಯಿಂದ ಸಿಗುವಂಥದ್ದಾಗಿತ್ತು. ಹಾಗಾಗಿ ಮಗ ಯಾಕುಬ್‌ಗೆ ಅದು ದಕ್ಕಲಿಲ್ಲ.