ಅಲಾರಂ ಹೊಡೆಯಿತೋ, ನಿಂತಿತೋ?

ಪತ್ರ: ‘ದಿ ಅಲಾರಂ ವೆಂಟ್ ಆಫ್ ಅಟ್ ಫೈವ್. ಹಿ ಟರ್ನ್ಡ್ ಇಟ್ ಆಫ್ ಅಂಡ್ ಸ್ಲೆಪ್ಟ್ ಅಗೇನ್.’ ಇದನ್ನು ಕನ್ನಡಕ್ಕೆ ತರಲು ಹೇಳಿದಾಗ ವಿದ್ಯಾರ್ಥಿಯೊಬ್ಬ ‘ಐದಕ್ಕೆ ಅಲಾರಂ ನಿಂತುಹೋಯಿತು’ ಎಂದು ಬರೆದ. ತಪ್ಪು ಎಂದೆ. ‘ಲೈಟ್ ವೆಂಟ್ ಆಫ್ ಅಂದ್ರೆ ದೀಪ ಆರಿತು ಅಂತ ನೀವೇ ಹೇಳಿದ್ರಲ್ಲ ಮಿಸ್’ ಎಂದ. ನನಗೆ ಉತ್ತರ ಹೊಳೆಯಲಿಲ್ಲ. ಇದಕ್ಕೆ ನಿಯಮವಿದೆಯೇ, ಉರು ಹೊಡೆಯುವುದೊಂದೇ ದಾರಿಯೇ?
– ಒಬ್ಬ ಶಿಕ್ಷಕಿ

ಸಂಪಾದಕರ ಉತ್ತರ: ಮೇಡಂ, ಹುಡುಗನ ಪ್ರಶ್ನೆ ತುಂಬ ಒಳ್ಳೆಯದು. ಅವನನ್ನು ದಾರಿ ತಪ್ಪಿಸಿದ್ದು ಗೋಡೆಯ ಮೇಲಿನ ಸ್ವಿಚ್ಚು. ‘ಆಫ್’ ಎಂದರೆ ನಿಲ್ಲುವುದು ಎಂದು ನಾವೆಲ್ಲ ಅಲ್ಲಿಂದಲೇ ಕಲಿತವರು. ಆ ಪದದ ಹಳೆಯ ಅರ್ಥ ‘ಇದ್ದಲ್ಲಿಂದ ಆಚೆಗೆ’ ಎಂದು. ಒಂದೇ ಎಫ್ ಇರುವ ‘ಆವ್’ ಕೂಡ ಹಿಂದೆ ಇದೇ ಪದವಾಗಿತ್ತು. ಒತ್ತಿ ಹೇಳುವ ರೂಪ ಕ್ರಮೇಣ ಬೇರೆಯಾಗಿ ‘ಆಫ್’ ಆಯಿತು.

ಈ ಅರ್ಥ ಹಿಡಿದು ನೋಡಿ. ದೀಪ ಉರಿಯುವ ಸ್ಥಿತಿಯಿಂದ ಆಚೆ ಹೋಯಿತು, ಆರಿತು. ಹಾಲು ಚೆನ್ನಾಗಿದ್ದ ಸ್ಥಿತಿಯಿಂದ ಆಚೆ ಹೋಯಿತು, ಕೆಟ್ಟಿತು. ಅಲಾರಂ, ಬಂದೂಕು, ಬಾಂಬುಗಳಲ್ಲಿ ಒಳಗೆ ತಡೆದಿಟ್ಟದ್ದು ತಡೆ ಕಳಚಿ ಹೊರಟುಬಿಡುತ್ತದೆ. ಅದಕ್ಕೇ ಅಲ್ಲಿ ಸದ್ದು ನಿಲ್ಲುವುದಿಲ್ಲ, ಏಳುತ್ತದೆ.

ಇದು ವಿಚಿತ್ರ ಎನಿಸಿದರೆ ನಮ್ಮ ‘ಬಿಡು’ವನ್ನು ತರಗತಿಗೆ ಕರೆತನ್ನಿ. ಮಳೆ ಬಿಟ್ಟಿತು ಎಂದರೆ ನಿಂತಿತು. ಗಿಡ ಹೂ ಬಿಟ್ಟಿತು ಎಂದರೆ ಅರಳಿತು. ಬಸ್ಸು ಬಿಟ್ಟಿತು, ಬಣ್ಣ ಬಿಟ್ಟಿತು, ಕಳ್ಳ ಬಾಯಿ ಬಿಟ್ಟ, ಗೆಳೆಯ ಕೈಬಿಟ್ಟ. ಇವನ್ನೆಲ್ಲ ಯಾರೂ ನಮಗೆ ಪಟ್ಟಿ ಮಾಡಿ ಕಲಿಸಲಿಲ್ಲ. ಬಿಟ್ಟದ್ದು ಏನು ಎಂಬುದರ ಮೇಲೆ ಅರ್ಥ ತಾನಾಗಿ ತಿಳಿಯುತ್ತದೆ. ‘ಗೋ ಆಫ್’ನಲ್ಲೂ ಕರ್ತೃವನ್ನೇ ಮೊದಲು ನೋಡಬೇಕು.

ಎಲ್ಲ ಬಳಕೆಗೂ ಈ ಬೀಗದ ಕೈ ಹೊಂದುತ್ತದೆ ಎಂದು ಹೇಳಲಾರೆ. ‘ದಿ ಮೀಟಿಂಗ್ ವೆಂಟ್ ಆಫ್ ವೆಲ್’ ಎಂದರೆ ಸಭೆ ಚೆನ್ನಾಗಿ ನಡೆಯಿತು. ಇದನ್ನು ವಾಕ್ಯದ ಸಮೇತ ನೆನಪಿಡುವುದೇ ಮೇಲು. ‘ಶಿ ಹ್ಯಾಸ್ ಗಾನ್ ಆಫ್ ಹಿಮ್’ ಎಂದರೆ ಅವಳಿಗೆ ಅವನ ಮೇಲಿನ ಒಲವು ಹೋಯಿತು. ಇದು ಹೆಚ್ಚಾಗಿ ಬ್ರಿಟಿಷರ ಮಾತು. ಕ್ರಿಯಾಪದಕ್ಕೆ ‘ಆಫ್’ನಂಥ ಪುಟ್ಟ ಪದ ಸೇರಿದ ಇಂಥ ಜೋಡಿಗಳಿಂದ ಪರಭಾಷಿಕರಿಗೆ ಅತಿ ಹೆಚ್ಚು ಕಷ್ಟ ಎಂದು ಸ್ಯಾಮ್ಯುಯೆಲ್ ಜಾನ್ಸನ್ 1755ರ ತಮ್ಮ ನಿಘಂಟಿನ ಮುನ್ನುಡಿಯಲ್ಲೇ ಬರೆದಿದ್ದಾರೆ. ಇವಕ್ಕೆ ‘ಫ್ರೇಸಲ್ ವರ್ಬ್’ ಎಂಬ ಹೆಸರನ್ನು 1925ರಲ್ಲಿ ಬಳಕೆಗೆ ತಂದವರು ಲೇಖಕ ಲೋಗನ್ ಪಿಯರ್ಸಾಲ್ ಸ್ಮಿತ್. ಕಷ್ಟ ಹೆಸರಿಗಿಂತ ಬಹಳ ಹಳೆಯದು.

ಇನ್ನೊಂದು ತಪ್ಪು ನಾನು ಪದೇ ಪದೇ ಕಾಣುತ್ತೇನೆ: ‘ಐ ವೆಂಟ್ ಆಫ್ ದಿ ಅಲಾರಂ.’ ಅಲಾರಂ ತಾನಾಗಿ ಹೊಡೆಯುವುದು ‘ಗೋ ಆಫ್’. ಹೊಗೆಯೋ ಕಳ್ಳನೋ ಅದನ್ನು ಹೊಡೆಯುವಂತೆ ಮಾಡಿದರೆ ‘ಸೆಟ್ ಆಫ್’. ನಾವು ನಿಲ್ಲಿಸಿದರೆ ‘ಟರ್ನ್ ಆಫ್’, ಅದರಲ್ಲಿ ‘ಇಟ್’ ನಡುವೆಯೇ ಕೂರಬೇಕು. ‘ಟರ್ನ್ ಆಫ್ ಇಟ್’ ಎನ್ನುವಂತಿಲ್ಲ.

ನಿಮ್ಮ ಹುಡುಗನಿಗೆ ಎರಡನೆಯ ಸಾಲನ್ನು ಇನ್ನೊಮ್ಮೆ ಓದಲು ಹೇಳಿ. ಅಲಾರಂ ಐದಕ್ಕೇ ನಿಂತುಹೋಗಿದ್ದರೆ, ಅವನು ಎದ್ದು ನಿಲ್ಲಿಸಿದ್ದು ಏನನ್ನು?