ಚಿಲಿಯಲ್ಲಿ ಚುನಾಯಿತ ಅಧ್ಯಕ್ಷ ಅಯೆಂದೆ, ಅವರನ್ನು ಉರುಳಿಸಿದ ಸೇನಾ ಮುಖ್ಯಸ್ಥ ಪಿನೊಚೆ ಇಬ್ಬರೂ ದೇಶದ ಹೆಸರಲ್ಲೇ ಆಳಿದರಲ್ಲ, ಯಾರದ್ದು ನಿಜವಾದ ರಾಷ್ಟ್ರೀಯತೆ?

ಇದಕ್ಕೆ ಉತ್ತರ ತಾಮ್ರದಲ್ಲಿದೆ. ಚಿಲಿಯ ದೊಡ್ಡ ಗಣಿಗಳು ಬಹುಕಾಲ ಅಮೆರಿಕದ ಕಂಪನಿಗಳ ಕೈಯಲ್ಲಿದ್ದವು. 1970ರ ಚುನಾವಣೆಯಲ್ಲಿ ಸಮಾಜವಾದಿ ಸಾಲ್ವದೋರ್ ಅಯೆಂದೆಗೆ ಬಿದ್ದದ್ದು ಶೇ. 36ರಷ್ಟು ಮತ ಮಾತ್ರ. ಆದರೆ 1971ರ ಜುಲೈ 11ರಂದು ಗಣಿಗಳ ರಾಷ್ಟ್ರೀಕರಣಕ್ಕೆ ಸಂಸತ್ತು ಸರ್ವಾನುಮತದಿಂದ ಒಪ್ಪಿತು, ಬಲಪಂಥೀಯರೂ ಕೈ ಎತ್ತಿದರು! ಅಷ್ಟರಮಟ್ಟಿಗೆ ತಾಮ್ರ ಎಲ್ಲರ ಸ್ವಾಭಿಮಾನದ ವಿಷಯವಾಗಿತ್ತು.

ಒಗ್ಗಟ್ಟು ಉಳಿಯಲಿಲ್ಲ. ಹಣದುಬ್ಬರ, ಸಾಮಾನುಗಳ ಕೊರತೆ, ಲಾರಿ ಮಾಲೀಕರ ಮುಷ್ಕರ, ಜೊತೆಗೆ ಅಮೆರಿಕದ ಒತ್ತಡ. 1973ರ ಸೆಪ್ಟೆಂಬರ್ 11ರಂದು ಸೇನೆ ಅಧ್ಯಕ್ಷರ ಅರಮನೆ ಲಾ ಮೊನೇದಾ ಮೇಲೆ ಬಾಂಬು ಹಾಕಿತು. ಅಯೆಂದೆ ಅಲ್ಲೇ ಸತ್ತರು. ಆಮೇಲೆ ಪಿನೊಚೆ 'ತಾಯ್ನಾಡನ್ನು ಮಾರ್ಕ್ಸ್‌ವಾದದಿಂದ ಉಳಿಸಿದೆ' ಎನ್ನುತ್ತಲೇ ಸಾವಿರಾರು ಚಿಲಿಯನ್ನರನ್ನು ಕೊಲ್ಲಿಸಿದರು, ಕಾಣೆಯಾಗಿಸಿದರು.

ತಮಾಷೆ ನೋಡಿ: ಕಂಡದ್ದನ್ನೆಲ್ಲ ಖಾಸಗಿಗೆ ಮಾರಿದ ಪಿನೊಚೆ ಆ ಗಣಿಗಳನ್ನು ಮಾತ್ರ ಮಾರಲಿಲ್ಲ. 1976ರಲ್ಲಿ ಅವುಗಳಿಗೆಂದೇ ಸರ್ಕಾರಿ ಕಂಪನಿ ಕೊಡೆಲ್ಕೋ ಹುಟ್ಟಿತು. ಕಾರಣ ಬರೀ ದೇಶಪ್ರೇಮ ಅಂತ ನನಗನ್ನಿಸುವುದಿಲ್ಲ. ತಾಮ್ರದ ಆದಾಯದಲ್ಲಿ ಸೇನೆಗೆ ಕಾನೂನುಬದ್ಧ ಪಾಲಿತ್ತು.